ನಿಮಗಿದು ಗೊತ್ತೆ? ಜಪಾನಿನ ಕುಂಚದಲ್ಲಿ ನಮ್ಮ ರಾಮ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮರ ಪೌರಾಣಿಕ ಚಿತ್ರಗಳ ಮುಂದೆ ನಿಂತವರಿಗೆ ‘ಇವು ಅಲುಗಾಡಿದರೆ ಹೇಗೆ?’ ಅನ್ನಿಸದೆ ಇರದು. ರಾಮಾಯಣವನ್ನು ಹಾಗೆ ಅಲುಗಾಡಿಸಿದ್ದು ಜಪಾನೀಯರು! 1983ರಲ್ಲಿ ಉತ್ಖನನದ ಸಾಕ್ಷ್ಯಚಿತ್ರಕ್ಕೆಂದು ಭಾರತಕ್ಕೆ ಬಂದ ಜಪಾನಿನ ಚಿತ್ರನಿರ್ಮಾಪಕ ಯುಗೋ ಸಾಕೊ ರಾಮಕಥೆಗೆ ಮಾರುಹೋದರು. ಜಪಾನಿನವರೇ ಆದ ಕೊಯಿಚಿ ಸಸಾಕಿ ಮತ್ತು ನಮ್ಮ ಅನಿಮೇಷನ್ ಕಲಾವಿದ ರಾಮ್ ಮೋಹನ್ ಜೊತೆ ಸೇರಿ 1992ರಲ್ಲಿ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಅನಿಮೇಷನ್ ಚಿತ್ರ ಮುಗಿಸಿದರು. ಪಾರದರ್ಶಕ ಹಾಳೆಗಳ ಮೇಲೆ ಕೈಯಲ್ಲೇ ಬರೆದ ಚಿತ್ರಗಳು ಸುಮಾರು ಒಂದು ಲಕ್ಷ! ಸಂಗೀತ ವನರಾಜ್ ಭಾಟಿಯಾ ಅವರದು. ಮೂಲ ಆವೃತ್ತಿಯ ಹಾಡುಗಳು ಸಂಸ್ಕೃತದಲ್ಲಿವೆ. ಕಥೆಯ ಕಿಷ್ಕಿಂಧೆಯಂತೂ ನಮ್ಮ ಆನೆಗೊಂದಿಯೆಂದೇ ನಂಬಿಕೆ. ಆದರೂ ಈ ಚಿತ್ರ 2025ರ ಜನವರಿ 24ರಂದು ಹೊಸ ಮೆರುಗಿನೊಂದಿಗೆ ಭಾರತದ ಚಿತ್ರಮಂದಿರಗಳಿಗೆ ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕನ್ನಡವನ್ನು ಬಿಟ್ಟದ್ದು ಸರಿಯಲ್ಲ.