ದೊಡ್ಡಮ್ಮ ಸಂಜೆ ನೀರು ಕುಡಿಯೋದು ಬಿಟ್ಟಿದ್ದರು

ಬೆಂಗಳೂರಿನ ಹೊರವಲಯದ ಒಂದು ಸೀನಿಯರ್ ಲಿವಿಂಗ್ ಕಮ್ಯುನಿಟಿಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ವಯಸ್ಸು 74, ರಿಟೈರ್ಡ್ ಹೈಸ್ಕೂಲ್ ಟೀಚರ್. ಮಗ ಅಮೆರಿಕದಲ್ಲಿ, ಹಾಗಾಗಿ ಜಾಗ ನೋಡಿ ಓಕೆ ಮಾಡಿದ್ದು ನಾನು. ಬ್ರೋಷರ್‌ನಲ್ಲಿ ‘ಫಿಸಿಯೋಥೆರಪಿ ಸೌಲಭ್ಯ’ ಅಂತ ದೊಡ್ಡದಾಗಿ ಇತ್ತು, ಪಕ್ಕದಲ್ಲಿ ಹೊಳೆಯೋ ಸೈಕಲ್‌ಗಳ ಫೋಟೊ. ಮನಸ್ಸಲ್ಲೇ ಟಿಕ್ ಹಾಕಿಕೊಂಡೆ. ಸಾಫ್ಟ್‌ವೇರ್ ಕೆಲಸ ಮಾಡುವ ನನಗಾದರೂ ಗೊತ್ತಿರಬೇಕಿತ್ತು, ಫೀಚರ್ ಲಿಸ್ಟಿನಲ್ಲಿ ಹೆಸರಿರೋದೇ ಬೇರೆ, ಅದು ಕೆಲಸ ಮಾಡೋದೇ ಬೇರೆ.

ಕಳೆದ ವರ್ಷ ದೊಡ್ಡಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಆಪರೇಷನ್ ಚೆನ್ನಾಗೇ ಆಯ್ತು. ವಾಕರ್ ಹಿಡಿದು ವಾಪಸ್ ಬಂದರು. ಡಿಸ್ಚಾರ್ಜ್ ಕಾಗದದಲ್ಲಿ ಡಾಕ್ಟರು ‘ದಿನಾ ಫಿಸಿಯೋಥೆರಪಿ’ ಅಂತ ಬರೆದಿದ್ದರು. ಆದರೆ ಅಲ್ಲಿಗೆ ಫಿಸಿಯೋ ಬರ್ತಿದ್ದುದು ವಾರಕ್ಕೆ ಎರಡೇ ದಿನ. ಅದೂ ಹನ್ನೆರಡು ಜನರನ್ನು ಕುರ್ಚಿಯಲ್ಲಿ ಸಾಲಾಗಿ ಕೂರಿಸಿ, ಹಾಡು ಹಾಕಿ, ಕೈ ಮೇಲೆ ಕೈ ಕೆಳಗೆ. ಗಟ್ಟಿಮುಟ್ಟಾಗಿರೋರಿಗೆ ಅದು ಒಳ್ಳೇದೇ, ಬೇಜಾರೂ ಕಳೆಯುತ್ತೆ. ಹೊಸದಾಗಿ ಆಪರೇಷನ್ ಆದ ಕಾಲಿಗೆ ಮಾತ್ರ ಅದು ಸಾಲದು. ಮ್ಯಾನೇಜರ್ ಹತ್ತಿರ ಹೇಳಿದರೆ, “ಸೌಲಭ್ಯ ಇದೆಯಲ್ಲ” ಅಂದರು.

ಮೂರನೇ ಭಾನುವಾರ ಹೋದಾಗ ದೊಡ್ಡಮ್ಮನ ತುಟಿ ಒಣಗಿತ್ತು. ವಿಚಾರಿಸಿದರೆ ಸಂಜೆ ನಾಲ್ಕರ ಮೇಲೆ ಅವರು ಒಂದು ತೊಟ್ಟು ನೀರೂ ಕುಡೀತಿರಲಿಲ್ಲ.

“ರಾತ್ರಿ ಏಳಬೇಕಾಗುತ್ತಲ್ಲ ಪುಟ್ಟಾ. ಬೆಲ್ ಒತ್ತಿ ಆ ಹುಡುಗೀನ ಎಷ್ಟು ಸಲ ಎಬ್ಬಿಸ್ಲಿ?”

ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನವೇ ಹೊರಗಿನಿಂದ ಒಬ್ಬ ಫಿಸಿಯೋಥೆರಪಿಸ್ಟ್, ಜೊತೆಗೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್‌ನ ಹುಡುಕಲು ಶುರು ಮಾಡಿದೆ. ಎರಡನೆಯವರು ಸಿಗೋದು ಕಷ್ಟ, ನನಗೂ ಆ ಕೆಲಸ ಏನು ಅಂತ ಅಲ್ಲಿವರೆಗೆ ಗೊತ್ತಿರಲಿಲ್ಲ. ಫಿಸಿಯೋ ಕಾಲಿಗೆ ಬಲ ತರುತ್ತಾರೆ. ಇವರು ಆ ಬಲದಲ್ಲಿ ಸ್ನಾನ, ಬಟ್ಟೆ, ಅಡುಗೆ, ಪೂಜೆ ಮಾಡಿಕೊಳ್ಳೋದು ಹೇಗೆ ಅಂತ ನೋಡುತ್ತಾರೆ, ಬೇಕಾದರೆ ಮನೆಯನ್ನೇ ಬದಲಿಸುತ್ತಾರೆ.

ಫಿಸಿಯೋ ಮೊದಲ ದಿನ ಮಾಡಿದ್ದು ಒಂದು ಸರಳ ಪರೀಕ್ಷೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ದೊಡ್ಡಮ್ಮನಿಗೆ 41 ಹಿಡೀತು. ಆಕ್ಯುಪೇಷನಲ್ ಥೆರಪಿಸ್ಟ್ ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮಾ, ನಿಮಗೆ ಏನು ಮಾಡೋಕೆ ಆಗ್ಬೇಕು?”

“ರಾತ್ರಿ ಒಬ್ಬಳೇ ಬಾತ್‌ರೂಮಿಗೆ ಹೋಗ್ಬೇಕು. ದೇವರಿಗೆ ನಾನೇ ದೀಪ ಹಚ್ಬೇಕು.”

ಆಮೇಲೆ ಮಾಡಿದ್ದೆಲ್ಲ ಈ ಎರಡಕ್ಕಾಗಿ. ಇಂಥ ಆಪರೇಷನ್ ಆದಮೇಲೆ ಸೊಂಟ ತುಂಬ ಬಗ್ಗಬಾರದು, ಅದಕ್ಕೆ ಕಮೋಡ್ ಮೇಲೆ ಎತ್ತರದ ಸೀಟು ಬಂತು. ಗೋಡೆಗೆ ಹಿಡಿಕೆ, ಹಾಸಿಗೆಯಿಂದ ಬಾಗಿಲವರೆಗೆ ತಾನಾಗೇ ಹತ್ತಿಕೊಳ್ಳೋ ದೀಪ. ಕಾಲಿಗೆ ಸಿಕ್ಕೋ ಮ್ಯಾಟ್ ಹೊರಗೆ ಹೋಯ್ತು. ನೆಲದ ಮೇಲಿದ್ದ ದೇವರ ಮಂಟಪ ಮೇಜಿಗೆ ಏರಿತು. ದೊಡ್ಡಮ್ಮ ಅದಕ್ಕೆ ಎರಡು ದಿನ ಮುನಿಸಿಕೊಂಡಿದ್ದರು, ಅದು ಬೇರೆ ಕಥೆ. ಫಿಸಿಯೋ ಹಾಸಿಗೆಯಿಂದ ಏಳೋದನ್ನೇ ದಿನಾ ಹತ್ತು ಹತ್ತು ಸಲ ಮಾಡಿಸಿದರು.

ಪಕ್ಕದ ಬ್ಲಾಕಿನ ಅಂಕಲ್‌ಗೆ ಸ್ಟ್ರೋಕ್ ಆಗಿತ್ತು, ಕಾಫಿ ಕುಡಿದಾಗೆಲ್ಲ ಕೆಮ್ಮು ಬರೋದು. ವಯಸ್ಸು ಅಂತ ಎಲ್ಲರೂ ಸುಮ್ಮನಿದ್ದರು. ಸ್ಪೀಚ್ ಥೆರಪಿಸ್ಟ್ ಮಾತು ಕಲಿಸೋದಷ್ಟೇ ಅಲ್ಲ, ನುಂಗೋ ತೊಂದರೆಯನ್ನೂ ನೋಡುತ್ತಾರೆ. ಆಹಾರ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥವರನ್ನು ತಯಾರು ಮಾಡುತ್ತಾರೆ, ಚಿಕಿತ್ಸೆಯೂ ಇದೆ.

ನಿಮ್ಮ ಅಪ್ಪ ಅಮ್ಮನಿಗೆ ಜಾಗ ನೋಡೋಕೆ ಹೋದರೆ ಥೆರಪಿ ರೂಮ್ ನೋಡಿ ಸುಮ್ಮನಾಗಬೇಡಿ. ಥೆರಪಿಸ್ಟ್ ವಾರಕ್ಕೆ ಎಷ್ಟು ದಿನ ಬರ್ತಾರೆ, ಒಬ್ಬೊಬ್ಬರಿಗೆ ಎಷ್ಟು ನಿಮಿಷ, ಅದು ತಿಂಗಳ ಶುಲ್ಕದಲ್ಲಿ ಸೇರಿದೆಯಾ, ಹೊರಗಿನವರನ್ನು ಕರೆಸಿದರೆ ಒಳಗೆ ಬಿಡ್ತಾರಾ ಅಂತ ಕೇಳಿ. ಕೊನೆಯದನ್ನು ನಾನು ಕೇಳಿರಲಿಲ್ಲ, ಗೇಟಿನಲ್ಲಿ ಒಂದು ವಾರ ಜಗಳ ಆಯ್ತು. ಇನ್ಶೂರೆನ್ಸ್ ಇದ್ದರೆ ಬಿಲ್ ಇಟ್ಟುಕೊಳ್ಳಿ. ಎಷ್ಟೋ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ಆದ ಮೇಲಿನ 60 ಅಥವಾ 90 ದಿನಗಳ ಖರ್ಚಿಗೆ ಅವಕಾಶ ಇರುತ್ತೆ, ಡಾಕ್ಟರ ಚೀಟಿಯಲ್ಲಿ ಫಿಸಿಯೋಥೆರಪಿ ಅಂತ ಬರೆದಿರಬೇಕು.

ನಾಲ್ಕು ತಿಂಗಳಾದ ಮೇಲೆ ಅದೇ ಪರೀಕ್ಷೆಗೆ 19 ಸೆಕೆಂಡ್ ಬಂತು. ಇನ್ನೂ 12ಕ್ಕೆ ಬಂದಿಲ್ಲ. ಮೊನ್ನೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಾಗ ದೊಡ್ಡಮ್ಮ, “ಇರು, ನೀರು ಕುಡಿದು ಬರ್ತೀನಿ” ಅಂದರು.