ಶಿರಸ್ತ್ರಾಣವೂ ಕತ್ತಿನ ಪೆಟ್ಟೂ

ಅಮೆರಿಕದ ಫುಟ್‌ಬಾಲ್ ಆಟಗಾರರು ತಲೆಗೆ ಗಟ್ಟಿಯಾದ ಶಿರಸ್ತ್ರಾಣವನ್ನೂ ಹೆಗಲಿಗೆ ದಪ್ಪನಾದ ಕವಚವನ್ನೂ ಧರಿಸುವರು. ಬಿದ್ದವನು ಕತ್ತು ನೋವೆಂದರೆ, ಇಲ್ಲವೆ ಅವನ ಕೈಕಾಲು ಜೋಮುಗಟ್ಟಿದರೆ, ಕತ್ತಿನ ಏಳು ಎಲುಬುಗಳಲ್ಲೊಂದು ಮುರಿದಿರಬಹುದೆಂದೇ ನಾವು ಎಣಿಸತಕ್ಕದ್ದು. ಶಿರಸ್ತ್ರಾಣವೊಂದನ್ನೇ ಕಳಚಿದರೆ, ಕವಚವು ಹೆಗಲನ್ನು ಎತ್ತರಿಸಿರುವುದರಿಂದ ತಲೆಯು ಹಿಂದಕ್ಕೆ ಬಾಗಿ ಬೆನ್ನುಹುರಿಗೆ ಅಪಾಯವುಂಟಾಗುವುದು. ಆದುದರಿಂದ ಎರಡನ್ನೂ ಇರಗೊಡಬೇಕು, ಇಲ್ಲವೆ ಎರಡನ್ನೂ ತೆಗೆಯಬೇಕು. ಉಸಿರಾಟಕ್ಕೆ ದಾರಿಯಾಗಲು ಮುಖದ ಜಾಲರಿಯನ್ನು ಬಿಚ್ಚುವರು. ಆದರೆ ಇವುಗಳಲ್ಲಿನ ಲೋಹವು ಎಕ್ಸ್‌ರೇ ಚಿತ್ರದಲ್ಲಿ ಎಲುಬನ್ನು ಮರೆಮಾಡಬಹುದು. ಆದಕಾರಣ, ನುರಿತವರು ಸಾಕಷ್ಟು ಮಂದಿಯಿದ್ದರೆ ಆಸ್ಪತ್ರೆಗೆ ಸಾಗಿಸುವ ಮುನ್ನವೇ ಎರಡನ್ನೂ ತೆಗೆಯುವುದು ಲೇಸೆಂದು ಅಲ್ಲಿಯ ಕ್ರೀಡಾ ಚಿಕಿತ್ಸಕರು 2015ರಲ್ಲಿ ಸೂಚಿಸಿದರು.

ಕವಚವಿಲ್ಲದ ನಮ್ಮ ಹುಡುಗಿಯರ ಆಟಗಳಲ್ಲಿಯೂ ಮೊದಲ ಕರ್ತವ್ಯವು ಒಂದೇ. ತಲೆಯು ಅಲುಗದಂತೆ ಹಿಡಿದು ವೈದ್ಯರನ್ನು ಕರೆಯಿಸೋಣ. ನೀರು ಕುಡಿಸಲೆಂದು ಎತ್ತಿ ಕೂರಿಸದಿರೋಣ.