ಸೈಕಲ್ ಹೆಲ್ಮೆಟ್ಟಿಗೆ ಎಷ್ಟು ಹಣ ಹಾಕಬೇಕು?



ಬೀಜ, ಗೊಬ್ಬರ, ಔಷಧಿ ಸಿಂಪಡಣೆಗಳ ವಿಷಯ ಬರೆಯುವ ಈ ಪುಟದಲ್ಲಿ ಗ್ರಾಮಸೇವಕನು ತಲೆಯ ಟೋಪಿಯ ವಿಷಯ ಹಿಡಿದಿದ್ದಾನಲ್ಲ ಎಂದು ಕೆಲವರಿಗೆ ನಗು ಬರಬಹುದು. ಆದರೆ ಹಳ್ಳಿಗಳಲ್ಲಿ ಮೋಟಾರು ಗಾಡಿಗಳು ಎಷ್ಟೇ ಹೆಚ್ಚಿದರೂ ಸೈಕಲ್ಲು ನಮ್ಮನ್ನು ಬಿಟ್ಟು ಹೋಗಿಲ್ಲ. ನಸುಕಿನಲ್ಲಿ ಹಾಲಿನ ಕ್ಯಾನನ್ನು ಡೈರಿಗೆ ಒಯ್ಯುವವರು, ಸಂಜೆ ಹುಲ್ಲಿನ ಹೊರೆ ಕಟ್ಟಿಕೊಂಡು ಬರುವವರು, ಮೂರು ನಾಲ್ಕು ಮೈಲಿ ದೂರದ ಹೈಸ್ಕೂಲಿಗೆ ಹೋಗುವ ಮಕ್ಕಳು, ಇವರೆಲ್ಲರ ವಾಹನ ಇಂದಿಗೂ ಅದೇ. ಹಿಂದೆ ಆ ರಸ್ತೆಯಲ್ಲಿ ಎತ್ತಿನ ಗಾಡಿ ಹೋಗುತ್ತಿತ್ತು. ಈಗ ಡಾಂಬರು ಬಿದ್ದಿದೆ, ಮರಳಿನ ಲಾರಿ ಹೋಗುತ್ತದೆ.

ಆದುದರಿಂದ ಈಚೆಗೆ ಜಮೀನಿನ ಬದುವಿನ ಮೇಲೆ ನಿಂತು ಮಾತಾಡುವಾಗಲೂ ಈ ಪ್ರಶ್ನೆ ಬರುತ್ತಿದೆ: "ಮಗಳಿಗೆ ಸೈಕಲ್ಲು ಕೊಡಿಸಿದೆ. ಹೆಲ್ಮೆಟ್ಟೂ ಬೇಕಂತಾಳೆ. ಪೇಟೇಲಿ ಮುನ್ನೂರಕ್ಕೂ ಅದೆ, ಐದು ಸಾವಿರಕ್ಕೂ ಅದೆ. ಯಾವುದು ತರ್ಲಿ ಹೇಳಪ್ಪ?" ಸೈಕಲ್ಲಿಗೆ ಹೆಲ್ಮೆಟ್ಟು ಹಾಕಲೇಬೇಕೆಂದು ಕಾನೂನು ಒತ್ತಾಯಿಸುವುದಿಲ್ಲ. ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಮೋಟಾರು ಸೈಕಲ್ಲಿನವರಿಗೆ ಮಾತ್ರ ಅನ್ವಯಿಸತಕ್ಕದ್ದು. ದಂಡದ ಭಯವಿಲ್ಲದಿರುವಾಗ ಲೆಕ್ಕ ಹಾಕಬೇಕಾದವರು ನಾವೇ.

ಮೊದಲು ಈ ವಸ್ತು ಏನು ಮಾಡುತ್ತದೆಂಬುದನ್ನು ತಿಳಿಯಬೇಕು. ಅದು ತಿಳಿದರೆ ಅಂಗಡಿಯವನು ಹೇಳುವುದರಲ್ಲಿ ಅರ್ಧ ತಾನಾಗಿ ಉದುರಿಹೋಗುತ್ತದೆ.

ಸೈಕಲ್ಲಿನ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರು ಎತ್ತರದಲ್ಲಿರುತ್ತದೆ. ಸೈಕಲ್ಲು ನಿಂತಿದ್ದಾಗಲೇ ಪಕ್ಕಕ್ಕೆ ಉರುಳಿದರೂ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 20 ಕಿಲೋಮೀಟರಿನ ಹತ್ತಿರ ಇರಬಹುದು. ಈ ವೇಗ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದೇ ಇಲ್ಲಿ ಮುಖ್ಯ. ಬರಿ ತಲೆ ಡಾಂಬರಿಗೆ ಬಡಿದರೆ ಚರ್ಮ, ಕೂದಲು ಎಲ್ಲ ಸೇರಿ ಮೂರು ಮಿಲಿಮೀಟರು ಬಗ್ಗಿತೆನ್ನೋಣ. ಒಂದೂವರೆ ಮೀಟರೆಂದರೆ 1,500 ಮಿಲಿಮೀಟರು. 1,500ನ್ನು 3ರಿಂದ ಭಾಗಿಸಿದರೆ 500. ಅಂದರೆ ತನ್ನ ತೂಕದ ಐನೂರು ಪಟ್ಟು ಒತ್ತಡ ಆ ತಲೆಯ ಮೇಲೆ ಬೀಳುತ್ತದೆ. ಹೆಲ್ಮೆಟ್ಟಿನ ಒಳಗಿರುವ ಥರ್ಮಾಕೋಲಿನಂಥ ಬೆಂಡು ಸುಮಾರು ಒಂದು ಅಂಗುಲ ದಪ್ಪ. ಅದು ಹದಿನೈದು ಮಿಲಿಮೀಟರು ಜಜ್ಜಿಹೋದರೆ, 1,500 ಭಾಗ 15, ನೂರು ಪಟ್ಟು. ಇದು ಸರಾಸರಿ ಲೆಕ್ಕ, ಕ್ಷಣಮಾತ್ರ ಅದಕ್ಕಿಂತ ಹೆಚ್ಚೂ ಆಗುತ್ತದೆ. ಆದರೂ ಐನೂರಕ್ಕೂ ನೂರಕ್ಕೂ ಇರುವ ಅಂತರವೇ ಮನೆಗೆ ನಡೆದು ಬರುವುದಕ್ಕೂ ಆಸ್ಪತ್ರೆಗೆ ಹೊತ್ತೊಯ್ಯುವುದಕ್ಕೂ ಇರುವ ಅಂತರವಾಗಬಹುದು. ಸಂತೆಗೆ ಗಡಿಗೆಗಳನ್ನು ಒಯ್ಯುವ ಕುಂಬಾರರು ನಡುವೆ ಹುಲ್ಲು ತುರುಕುವುದೂ ಇದೇ ಕಾರಣಕ್ಕೆ.

ಆದ್ದರಿಂದ ತಲೆ ಕಾಯುವುದು ಮುಖ್ಯವಾಗಿ ಹೊರಗಿನ ಹೊಳಪಿನ ಚಿಪ್ಪಲ್ಲ, ಒಳಗಿನ ಬೆಂಡು. ಬೆಂಡಿಲ್ಲದೆ ತೆಳ್ಳನೆಯ ಸ್ಪಂಜು ಅಂಟಿಸಿದ ಪ್ಲಾಸ್ಟಿಕ್ ಚಿಪ್ಪುಗಳು ಕೆಲವು ಕಡೆ ಮಾರಾಟಕ್ಕಿರುತ್ತವೆ. ಅವನ್ನು ಬೆರಳಿನಿಂದ ಒತ್ತಿ ನೋಡಿದರೇ ಗೊತ್ತಾಗುತ್ತದೆ. ಅಂಥವುಗಳಿಗೆ ನೂರು ರೂಪಾಯಿ ಕೊಟ್ಟರೂ ದುಬಾರಿಯೇ.

ಇನ್ನು ಬೆಲೆಯ ವಿಷಯ. ಬಿತ್ತನೆ ಬೀಜ ಕೊಳ್ಳುವಾಗ ನೀವು ಏನು ನೋಡುತ್ತೀರಿ? ಚೀಲದ ಬಣ್ಣವನ್ನಲ್ಲ, ಅದಕ್ಕೆ ಹೊಲಿದಿರುವ ಪ್ರಮಾಣೀಕರಣದ ನೀಲಿ ಚೀಟಿಯನ್ನು. ಆ ಚೀಟಿ ಇದ್ದರೆ ಮೊಳಕೆ ಇಷ್ಟು ಬರಲೇಬೇಕೆಂಬ ಪರೀಕ್ಷೆ ಆಗಿದೆಯೆಂದು ಅರ್ಥ. ಸೈಕಲ್ ಹೆಲ್ಮೆಟ್ಟಿಗೂ ಅಂಥ ಚೀಟಿ ಉಂಟು. ಯುರೋಪಿನ ಮಾನಕದ ಹೆಸರು ಇ.ಎನ್. 1078, ಅಮೆರಿಕದ್ದು ಸಿ.ಪಿ.ಎಸ್.ಸಿ., ಇದು ಅಲ್ಲಿ 1999ರಿಂದ ಕಡ್ಡಾಯವಾಗಿದೆ. ಯುರೋಪಿನ ಪರೀಕ್ಷೆಯಲ್ಲಿ ತಲೆಯ ಆಕಾರದ ಲೋಹದ ಅಚ್ಚಿಗೆ ಹೆಲ್ಮೆಟ್ಟು ತೊಡಿಸಿ ಸುಮಾರು ಒಂದೂವರೆ ಮೀಟರು ಎತ್ತರದಿಂದ ಕಬ್ಬಿಣದ ಚಪ್ಪಟೆ ಅಡಿಗಲ್ಲಿನ ಮೇಲೆ ಬೀಳಿಸುತ್ತಾರೆ. ಒಳಗಿನ ಅಚ್ಚಿಗೆ ತಗಲುವ ಪೆಟ್ಟು ಭೂಮಿಯ ಸೆಳೆತದ 250 ಪಟ್ಟನ್ನು ಮೀರಕೂಡದು. ಅಮೆರಿಕದವರು ಎರಡು ಮೀಟರಿನಿಂದ ಬೀಳಿಸಿ 300 ಪಟ್ಟಿನ ಮಿತಿ ಇಟ್ಟಿದ್ದಾರೆ. ಗಲ್ಲದ ಪಟ್ಟಿ ಕಿತ್ತುಬರುತ್ತದೆಯೋ ಎಂದೂ ಜಗ್ಗಿ ನೋಡುತ್ತಾರೆ. ಹೆಲ್ಮೆಟ್ಟಿನ ಒಳಭಾಗದ ಚೀಟಿಯಲ್ಲಿ ಇವೆರಡರಲ್ಲಿ ಒಂದಾದರೂ ಇರಬೇಕು. ಅಕ್ಷರಗಳು ಇಂಗ್ಲಿಷಿನಲ್ಲಿರುತ್ತವೆ, ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಓದಿಸಿ. ತಲೆಯ ಅಳತೆ, ತಯಾರಾದ ವರ್ಷ ಇವುಗಳೂ ಅಲ್ಲೇ ಇರುತ್ತವೆ. ಚೀಟಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು ಎಂಬುದು ನಿಜ. ಆದುದರಿಂದ ರಸೀತಿ ಕೊಡುವ ಅಂಗಡಿಯಲ್ಲಿ ಕೊಳ್ಳಿ, ಬೀಜದ ರಸೀತಿಯಂತೆ ಅದನ್ನೂ ಎತ್ತಿಡಿ.

ನಮ್ಮ ಪೇಟೆಗಳಲ್ಲಿ ಈ ಪರೀಕ್ಷೆ ದಾಟಿದ ಹೆಲ್ಮೆಟ್ಟು ಸುಮಾರು ಎಂಟುನೂರು, ಸಾವಿರ ರೂಪಾಯಿಯಿಂದ ಸಿಗತೊಡಗುತ್ತದೆ. ಐನೂರಕ್ಕಿಂತ ಕಡಿಮೆ ಬೆಲೆಯದನ್ನು ಕಂಡರೆ ಚೀಟಿಯನ್ನು ಎರಡು ಸಲ ನೋಡಿ. ಹಾಗಾದರೆ ಐದು ಸಾವಿರದ್ದು ಐದು ಪಟ್ಟು ಹೆಚ್ಚು ಕಾಯುತ್ತದೆಯೆ? ಇಲ್ಲ. ಗೊಬ್ಬರದ ಲೆಕ್ಕ ನಿಮಗೆ ಗೊತ್ತೇ ಇದೆ. ಮೊದಲನೆಯ ಮೂಟೆ ಹಾಕಿದಾಗ ಪೈರು ಎದ್ದು ನಿಲ್ಲುತ್ತದೆ, ಎರಡನೆಯದಕ್ಕೆ ಅಷ್ಟಿಲ್ಲ, ನಾಲ್ಕನೆಯದು ಹಾಕಿದರೆ ಬತ್ತ ನೆಲಕ್ಕೆ ಒರಗುತ್ತದೆ. ಇಲ್ಲಿಯೂ ಬರಿ ತಲೆಯಿಂದ ಸಾವಿರ ರೂಪಾಯಿಯ ಹೆಲ್ಮೆಟ್ಟಿಗೆ ಬರುವುದೇ ದೊಡ್ಡ ಲಾಭ. ಆ ಲಾಭ ಎಷ್ಟೆಂಬುದಕ್ಕೆ ಒಂದು ಅಳತೆ ಉಂಟು: ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ, ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರ ವಿವರ ನೋಡಿ 2016ರಲ್ಲಿ ಪ್ರಕಟಿಸಿದಂತೆ, ಹೆಲ್ಮೆಟ್ಟು ಹಾಕಿದ್ದವರಲ್ಲಿ ತಲೆಗೆ ತೀವ್ರ ಗಾಯವಾಗುವ ಸಂಭವ ಸುಮಾರು ನೂರಕ್ಕೆ 69ರಷ್ಟು ಕಡಿಮೆ ಇತ್ತು.

ಸಾವಿರದ ಮೇಲೆ ಕೊಡುವ ಹಣ ಮುಖ್ಯವಾಗಿ ಏನನ್ನು ಕೊಳ್ಳುತ್ತದೆ? ತೂಕ ಐವತ್ತು, ನೂರು ಗ್ರಾಮು ಕಡಿಮೆಯಾಗುತ್ತದೆ, ಗಾಳಿಯಾಡುವ ಕಿಂಡಿ ಹೆಚ್ಚಾಗುತ್ತದೆ, ಬಣ್ಣ ಚೆನ್ನಾಗಿರುತ್ತದೆ, ಕಂಪನಿಯ ಹೆಸರಿರುತ್ತದೆ. ಗಾಳಿಯ ಕಿಂಡಿಯನ್ನು ನಾನು ಅಲ್ಲಗಳೆಯುವುದಿಲ್ಲ. ಬೇಸಗೆಯ ನಮ್ಮ ಬಿಸಿಲಿನಲ್ಲಿ ಸೆಕೆಯಾಗುವ ಹೆಲ್ಮೆಟ್ಟು ಹ್ಯಾಂಡಲಿಗೆ ನೇತುಬೀಳುತ್ತದೆ, ಹ್ಯಾಂಡಲಿನ ತಲೆಯನ್ನು ಕಾಯುತ್ತದೆ. ಇನ್ನೂರು ಮುನ್ನೂರು ಹೆಚ್ಚು ಕೊಟ್ಟು ಮಗು ದಿನವೂ ಹಾಕುವಂಥದನ್ನು ತಂದರೆ ಆ ಹಣ ದಂಡವಲ್ಲ. ಓಟದ ಪಂದ್ಯದವರಿಗೆ ಮಾಡಿದ್ದಕ್ಕೆ ಹಾಲು ಒಯ್ಯುವವರು ಹಣ ಕೊಡಬೇಕಾಗಿಲ್ಲ.

ಹೆಚ್ಚು ಹಣಕ್ಕೆ ನಿಜವಾಗಿ ಸಿಗುವ ಒಂದು ಗುಣವನ್ನು ಮಾತ್ರ ಹೇಳಲೇಬೇಕು. ಬೀಳುವವನ ತಲೆ ನೆಟ್ಟಗೆ ಬಡಿಯುವುದು ಕಡಿಮೆ. ಓರೆಯಾಗಿ ಉಜ್ಜಿಕೊಂಡು ಹೋಗುತ್ತದೆ, ತಲೆ ಗಿರ್ರನೆ ತಿರುಗುತ್ತದೆ. ಆಗ ಬುರುಡೆಯೊಳಗಿನ ಮಿದುಳು ಗಡಿಗೆಯೊಳಗಿನ ಮೊಸರಿನಂತೆ ತುಳುಕಿ ಪೆಟ್ಟಾಗುತ್ತದೆ. ಇದನ್ನು ತಗ್ಗಿಸಲು ಒಳಗೆ ಸ್ವಲ್ಪ ಜಾರುವ ಒಂದು ತೆಳು ಪದರವಿರತಕ್ಕ ಹೆಲ್ಮೆಟ್ಟುಗಳು ಬಂದಿವೆ. ಮಿಪ್ಸ್ ಎಂಬುದು ಅಂಥ ಒಂದು ಪದರದ ಹೆಸರು. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯದವರು 2018ರಲ್ಲಿ 30 ಬಗೆಯ ಹೆಲ್ಮೆಟ್ಟುಗಳಿಗೆ ಓರೆ ಪೆಟ್ಟು ಹಾಕಿ ಪರೀಕ್ಷಿಸಿದಾಗ ಐದು ನಕ್ಷತ್ರ ದೊರೆತದ್ದು ನಾಲ್ಕಕ್ಕೆ ಮಾತ್ರ. ನಾಲ್ಕರಲ್ಲೂ ಈ ಪದರವಿತ್ತು. ಆದರೆ ಆ ನಾಲ್ಕರಲ್ಲಿ 75 ಡಾಲರಿನದೂ ಒಂದಿತ್ತು. ಅದಕ್ಕಿಂತ ದುಬಾರಿಯಾದ ಕೆಲವು ಹಿಂದೆ ಬಿದ್ದವು. ಬೆಲೆ ನೋಡಿ ರಕ್ಷಣೆ ಅಳೆಯುವಂತಿಲ್ಲ. ಕೈಯಲ್ಲಿ ಹಣವಿದ್ದವರು ಹೆಚ್ಚು ಕೊಡುವುದೇ ಆದರೆ ಹೊಳಪಿಗಲ್ಲದೆ ಈ ಪದರಕ್ಕೆ ಕೊಡಲಿ.

"ನಿಮ್ಮ ತಲೆಗೆ ಎಷ್ಟು ಬೆಲೆ ಕಟ್ಟುತ್ತೀರಿ?" ಎಂದು ಅಂಗಡಿಯವರು ಕೇಳುವುದುಂಟು. ಇದು ವ್ಯಾಪಾರದ ಮಾತು, ಲೆಕ್ಕದ ಮಾತಲ್ಲ. ಒಂದು ಮನೆಯಲ್ಲಿ ಸೈಕಲ್ಲು ತುಳಿಯುವವರು ಮೂವರಿದ್ದಾರೆಂದು ಇಟ್ಟುಕೊಳ್ಳಿ: ಡೈರಿಗೆ ಹೋಗುವ ತಂದೆ, ಪಿ.ಯು.ಸಿ. ಓದುವ ಮಗ, ಹೈಸ್ಕೂಲಿನ ಮಗಳು. ಮನೆಯಲ್ಲಿ ಇದಕ್ಕೆಂದು ತೆಗೆದಿಟ್ಟ ಹಣ ಮೂರು ಸಾವಿರ. ಮಗ ಹಟ ಹಿಡಿದನೆಂದು ಮೂರು ಸಾವಿರದ ಒಂದನ್ನೇ ತಂದರೆ ಎರಡು ತಲೆ ಬರಿದಾಗಿಯೇ ಉಳಿದವು. ಒಂಬೈನೂರರಂತೆ ಮೂರು ತಂದರೆ ಇನ್ನೂ ಮುನ್ನೂರು ಮಿಗುತ್ತದೆ. ಆ ಮುನ್ನೂರಕ್ಕೆ ಹಿಂದಿನ ಚಕ್ರದ ಮೇಲೆ ಕೆಂಪು ಪ್ರತಿಫಲಕ ಹಾಕಿಸಿ, ಸವೆದ ಬ್ರೇಕ್ ಕಟ್ಟೆಗಳನ್ನು ಬದಲಾಯಿಸಿ, ಉಳಿದರೆ ತಂದೆಯ ಸೈಕಲ್ಲಿಗೊಂದು ಚಿಕ್ಕ ಕೆಂಪು ದೀಪ. ಹಿಂದಿನಿಂದ ವೇಗವಾಗಿ ಬರುವ ಲಾರಿಯ ಪೆಟ್ಟನ್ನು ತಡೆಯುವ ಹೆಲ್ಮೆಟ್ಟು ಯಾವ ಬೆಲೆಗೂ ಸಿಗುವುದಿಲ್ಲ. ನಸುಕಿನಲ್ಲಿ ಹೋಗುವವನನ್ನು ಲಾರಿಯವನು ದೂರದಿಂದಲೇ ಕಾಣಬೇಕು. ಹೆಲ್ಮೆಟ್ಟಿಗೆ ಹಾಕುವ ಹಣದಲ್ಲಿ ದೀಪದ ಪಾಲೂ ಸೇರಿದೆಯೆಂದು ತಿಳಿಯತಕ್ಕದ್ದು.

ಸಾವಿರದ ಹೆಲ್ಮೆಟ್ಟು ಐದು ವರ್ಷ ಬಂದರೆ ವರ್ಷಕ್ಕೆ ಇನ್ನೂರು ಬಿತ್ತು. ಸರ್ಕಾರ ಗೊತ್ತುಮಾಡಿರುವ ಬೆಲೆಗೆ ಕೊಂಡರೂ ಒಂದು ಮೂಟೆ ಯೂರಿಯಾ ಇದಕ್ಕಿಂತ ಹೆಚ್ಚು.

ಮೋಟಾರು ಸೈಕಲ್ಲಿಗೆ ಕೊಂಡ ಹೆಲ್ಮೆಟ್ಟು ಮನೆಯಲ್ಲಿದ್ದರೆ ದೊಡ್ಡವರು ಅದನ್ನೇ ಸೈಕಲ್ಲಿಗೂ ಹಾಕಿಕೊಳ್ಳಬಹುದು. ಭಾರ, ಸೆಕೆ ಹೆಚ್ಚು, ಅಷ್ಟೆ. ಇದರ ತಿರುವುಮುರುವು ಮಾತ್ರ ಕೂಡದು. ಸೈಕಲ್ ಹೆಲ್ಮೆಟ್ಟು ಹಾಕಿಕೊಂಡು ಮೊಪೆಡ್ಡು ಓಡಿಸಬೇಡಿ. ಅದನ್ನು ಪರೀಕ್ಷಿಸಿರುವುದು ಸೈಕಲ್ಲಿನ ವೇಗಕ್ಕೆ. ಮೋಟಾರು ದ್ವಿಚಕ್ರದವರ ಹೆಲ್ಮೆಟ್ಟಿನ ಮಾನಕವೇ ಬೇರೆ, ಐ.ಎಸ್. 4151. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಅಂಥ ಹೆಲ್ಮೆಟ್ಟನ್ನು ನಮ್ಮ ದೇಶದಲ್ಲಿ ಮಾರುವಂತಿಲ್ಲ.

ಈಗ ಅಳತೆಯ ಮಾತು. ಹಣ ಸರಿಯಾಗಿ ಹಾಕಿದವರೂ ಇಲ್ಲಿ ಎಡವುವುದನ್ನು ಕಂಡಿದ್ದೇನೆ. ಮಕ್ಕಳಿಗೆ ಅಂಗಿ ಹೊಲಿಸುವಾಗ ಮುಂದಿನ ವರ್ಷಕ್ಕೂ ಆಗಲೆಂದು ಒಂದು ಅಳತೆ ದೊಡ್ಡದು ಹೊಲಿಸುತ್ತೇವಲ್ಲ, ಹಾಗೆ ಹೆಲ್ಮೆಟ್ಟನ್ನೂ ತರುತ್ತಾರೆ. ದೊಡ್ಡ ಹೆಲ್ಮೆಟ್ಟು ಬೀಳುವಾಗ ಹಿಂದಕ್ಕೆ ಜಾರಿ ಹಣೆಯನ್ನು ಬಿಟ್ಟುಕೊಡುತ್ತದೆ. ಒಂದು ದಾರವನ್ನು ಹುಬ್ಬಿನ ಮೇಲೆ, ಕಿವಿಯ ಮೇಲ್ಗಡೆಯಿಂದ ತಲೆಯ ಸುತ್ತ ಹಿಡಿದು, ಅದನ್ನು ಸ್ಕೇಲಿನ ಮೇಲೆ ಅಳೆದು ಎಷ್ಟು ಸೆಂಟಿಮೀಟರೆಂದು ಬರೆದುಕೊಂಡು ಪೇಟೆಗೆ ಹೋಗಿ. ಸಾಧ್ಯವಾದರೆ ಮಗುವನ್ನೇ ಕರೆದೊಯ್ಯಿರಿ. ತಿರುಗುಗುಬ್ಬಿಯಿಂದ ಬಿಗಿಮಾಡುವ ಪಟ್ಟಿ ಹಿಂಭಾಗದಲ್ಲಿದ್ದರೆ ಒಂದೆರಡು ವರ್ಷದ ಬೆಳವಣಿಗೆ ಅದರಲ್ಲೇ ಹಿಡಿಯುತ್ತದೆ.

ಹೆಲ್ಮೆಟ್ಟು ತಲೆಯ ಮೇಲೆ ಮಟ್ಟಸವಾಗಿ ಕೂರಬೇಕು. ಹುಬ್ಬಿಗೂ ಅದರ ಅಂಚಿಗೂ ನಡುವೆ ಎರಡು ಬೆರಳು ಮಾತ್ರ. ಪಕ್ಕದ ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಗಲ್ಲದ ಪಟ್ಟಿ ಹಾಕಿದ ಮೇಲೆ ಒಳಗೆ ಒಂದೆರಡು ಬೆರಳು ಹಿಡಿದರೆ ಸರಿ, ಮುಷ್ಟಿ ಹಿಡಿದರೆ ತಪ್ಪು. ತಲೆ ಅಲ್ಲಾಡಿಸಿದರೆ ಅದೂ ತಲೆಯೊಂದಿಗೇ ಅಲ್ಲಾಡಬೇಕು. ಹೆಣ್ಣುಮಕ್ಕಳು ಜಡೆಯನ್ನು ಕೆಳಗೆ ಇಳಿಬಿಟ್ಟರೆ ತೊಂದರೆಯಿಲ್ಲ. ನೆತ್ತಿಯ ಮೇಲೆ ತುರುಬು ಕಟ್ಟಿದರೆ ಹೆಲ್ಮೆಟ್ಟು ಕೂರುವುದಿಲ್ಲ. ರುಮಾಲಿನ ಮೇಲೆ ಹಾಕುವುದೂ ಹಾಗೆಯೇ. ಬೆವರಿಗೆ ತೆಳುವಾದ ಒಂದು ಬಟ್ಟೆ ಸಾಕು. ಇನ್ನೊಂದು ಎಚ್ಚರಿಕೆ: ಸೈಕಲ್ಲಿನಿಂದ ಇಳಿದ ಮಕ್ಕಳು ಹೆಲ್ಮೆಟ್ಟು ತೊಟ್ಟೇ ಮಾವಿನ ಮರ ಹತ್ತಬಾರದು. ಕೊಂಬೆಯ ಸಂದಿಗೆ ಸಿಕ್ಕಿದರೆ ಗಲ್ಲದ ಪಟ್ಟಿಯೇ ಉರುಳಾಗುತ್ತದೆ.

ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಕೂಡದು. ಜಜ್ಜಿದ ಬೆಂಡು ಮತ್ತೆ ಉಬ್ಬುವುದಿಲ್ಲ; ಹೊರಗೆ ಬಿರುಕು ಕಾಣದಿದ್ದರೂ ಒಳಗೆ ಅದರ ಕೆಲಸ ಮುಗಿದಿರುತ್ತದೆ. ಆದುದರಿಂದ ಬೇರೆಯವರು ಬಳಸಿದ್ದನ್ನು ಅರ್ಧ ಬೆಲೆಗೆ ಕೊಳ್ಳುವುದು ಬೇಡ, ಅದು ಏನೇನು ಕಂಡಿದೆಯೋ ತಿಳಿಯದು. ಸೀಮೆಎಣ್ಣೆ, ಪೆಟ್ರೋಲು, ಬಣ್ಣದ ತಿನ್ನರು ತಾಗಿದರೆ ಬೆಂಡು ಕರಗುತ್ತದೆ. ಔಷಧಿ ಸಿಂಪಡಿಸುವ ಯಂತ್ರ ಇಡುವ ಮೊಳೆಗೆ ಹೆಲ್ಮೆಟ್ಟು ತೂಗುಹಾಕಬೇಡಿ, ಒಲೆಯ ಮೇಲಿನ ಅಟ್ಟದಲ್ಲೂ ಇಡಬೇಡಿ. ತೊಳೆಯಲು ಉಗುರುಬೆಚ್ಚನೆಯ ನೀರು, ಸ್ವಲ್ಪ ಸೋಪು ಸಾಕು, ನೆರಳಿನಲ್ಲಿ ಒಣಗಿಸಿ.